ಹದಿನಾರನೇ ಭಾನುವಾರದ ಮೀನಿನ ಸಾರು

"ಅದನ್ನ ಕೆಳಗಿಡಿ!"

ಲೀನಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಗದ್ದೆಸೊಪ್ಪಿನ ಕಟ್ಟು ಕೈಯಲ್ಲೇ ಉಳಿಯಿತು.

ಮಾರ್ಕೆಟ್ಟಿನ ಸೊಪ್ಪಿನ ಮೇಜಿನ ಆಚೆ ನಿಂತಿದ್ದವನಿಗೆ ಮೂವತ್ತೈದರ ಆಸುಪಾಸು. ತಲೆಗೆ ಒದ್ದೆ ಟವೆಲ್ಲು, ಮೊಣಕೈವರೆಗೆ ಮಣ್ಣು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

"ಯಾಕೆ? ಮಾರೋಕಲ್ವಾ ಇಟ್ಟಿರೋದು?"

"ಅದು ನಿನ್ನೇದು, ಬಾಡಿದೆ." ಅವನು ಬಗ್ಗಿ ಐಸ್ ಪೆಟ್ಟಿಗೆಯಿಂದ ತಾಜಾ ಕಟ್ಟು ತೆಗೆದ. ಆದರೆ ಕೊಡಲಿಲ್ಲ! "ಯಾವುದಕ್ಕೆ ಬೇಕಿತ್ತು?"

"ಮೀನಿನ ಹುಳಿ ಸಾರಿಗೆ."

"ಅನಾನಸ್ ಡಬ್ಬಿದು ಹಾಕ್ತೀರಾ, ಹಣ್ಣು ಹೆಚ್ಚಿ ಹಾಕ್ತೀರಾ?"

ಲೀನಾಳ ಮೂಗಿನ ತುದಿ ಕೆಂಪಾಯಿತು. "ರೀ, ನಾನು ಸೊಪ್ಪು ತಗೊಳ್ಳೋಕೆ ಬಂದಿದ್ದೀನಿ. ಪರೀಕ್ಷೆಗೆ ಕೂತ್ಕೊಳ್ಳೋಕಲ್ಲ!"

ಅವನ ಹಿಂದೆ ಕಡಲೆಕಾಯಿ ಬಿಡಿಸುತ್ತಿದ್ದ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. "ಲುವಾನ್, ಕೊಡೋ ಮಾರಾಯ! ಈ ಮಳೇಲಿ ಬಂದಿರೋದೇ ನಾಲ್ಕು ಜನ. ಅದ್ರಲ್ಲೂ ಒಬ್ಬಳನ್ನ ಓಡಿಸ್ತೀಯಲ್ಲ!"

ಲುವಾನ್ ಸೊಪ್ಪನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಲೀನಾ ಸರಕ್ಕನೆ ತಿರುಗಿ ಎರಡು ಹೆಜ್ಜೆ ಇಟ್ಟಿದ್ದಳಷ್ಟೆ...

"ನಮ್ಮಮ್ಮ ಮಾಡ್ತಿದ್ಲು ಆ ಸಾರು." ದನಿ ಈಗ ಮೆತ್ತಗಾಗಿತ್ತು. "ಚೆನ್ನಾಗಿ ಬಂದ್ರೆ... ಮುಂದಿನ ವಾರ ಒಂದು ಚೂರು ತರ್ತೀರಾ?"

ಇದೆಂಥ ಮನುಷ್ಯ! ಗದರಿದ್ದೂ ಅವನೇ, ಕೈಯೊಡ್ಡಿದ್ದೂ ಅವನೇ. ಲೀನಾ ಹೂಂ ಅಂದುಬಿಟ್ಟಳು. ಯಾಕೆ ಅಂದೆ ಎಂದು ಮನೆಯವರೆಗೂ ಯೋಚಿಸುತ್ತಲೇ ಹೋದಳು.

ಲೀನಾ ಎಂದರೆ ಥೆಮೆಲಿನಾ. ನೈಟ್‌ಕ್ಲಿಫ್‌ ಬಡಾವಣೆಯ ಹಳದಿ ಗೇಟಿನ ಮನೆಯ ಸ್ತಮಾತಿಯಾ ಅಮ್ಮನ ಒಬ್ಬಳೇ ಮಗಳು. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಕೆಲಸ. ನಮ್ಮ ಡಾರ್ವಿನ್ ಊರಿನ ಗ್ರೀಕರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮೂವತ್ತಮೂರಾದರೂ ಮದುವೆ ಆಗಿಲ್ಲ ಎಂದರೆ ಚರ್ಚಿನ ಬಾಗಿಲಲ್ಲಿ ಎಷ್ಟು ಜನ ತಡೆದು ಕೇಳುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮದುವೆ ನಿಶ್ಚಯವಾಗಿತ್ತು ಒಮ್ಮೆ. ಇನ್ನೊಂದು ತಿಂಗಳು ಇದೆ ಅನ್ನುವಾಗ ಆ ಮಹಾರಾಯ ಬಂದು ಉಂಗುರ ವಾಪಸ್ ಕೇಳಿದ್ದ. "ನೀನು ಒಳ್ಳೆಯವಳೇ ಲೀನಾ. ಆದ್ರೆ... ಏನೋ ಕಮ್ಮಿ." ಏನು ಕಮ್ಮಿ ಎಂದು ಕೇಳಿದರೆ ಹೆಗಲು ಕುಣಿಸಿ ಹೋಗಿದ್ದ.

ಏನು ಎಂದು ಹೇಳಿದ್ದರೆ ಅತ್ತು ಮುಗಿಸಬಹುದಿತ್ತು. ಹೇಳದೇ ಹೋದದ್ದು ಎದೆಯಲ್ಲೇ ಕೂತುಬಿಟ್ಟಿತ್ತು.

ಅವನಿಗಾಗಿ ಕಲಿತಿದ್ದ ಅಡುಗೆಗಳನ್ನು ಆಮೇಲೆ ಅವಳಿಗೆ ಮಾಡಲಾಗಲಿಲ್ಲ. ಆಲಿವ್ ಎಣ್ಣೆಯ ಶೀಶೆಯನ್ನು ಕಪಾಟಿನ ಹಿಂದಕ್ಕೆ ತಳ್ಳಿಟ್ಟಳು. ಒಂದು ದಿನ ಸುಮ್ಮನೆ ಒಂದು ಥಾಯ್ ಪಲ್ಯ ಮಾಡಿದಳು. ಬಿಸಿ ಎಣ್ಣೆಗೆ ಬೆಳ್ಳುಳ್ಳಿ ಬಿದ್ದು ಚರ್ ಅಂದಾಗ, ತುಳಸಿಯ ಘಮ ಮೂಗಿಗೆ ಏರಿದಾಗ, ಎಷ್ಟೋ ತಿಂಗಳ ಮೇಲೆ ಅವಳಿಗೆ ನಿಜವಾಗಿ ಹಸಿವಾಯಿತು!

ಅಲ್ಲಿಂದ ಶುರು. ಸೋಮವಾರ ಕೊರಿಯಾದ ಖಾರದ ಎಲೆಕೋಸು, ಮಂಗಳವಾರ ಜಪಾನಿನವರ ಹಾಗೆ ಅನ್ನದ ಮೇಲೆ ಮೊಟ್ಟೆ, ಬುಧವಾರ ತೆಂಗಿನಹಾಲಿನ ನೂಡಲ್ಸ್. ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅಕ್ಕಿ ತೊಳೆಯುತ್ತಿದ್ದಳು. ಶುಂಠಿ ಜಜ್ಜುವಾಗ ತನಗೆ ತಾನೇ ಹಾಡಿಕೊಳ್ಳುತ್ತಿದ್ದಳು.

"ಮನೆಯೆಲ್ಲಾ ಮೀನಿನ ಸಾಸಿನ ನಾತ ಕಣೇ!" ಎಂದು ಸ್ತಮಾತಿಯಾ ಬೈಯುತ್ತಲೇ ತಟ್ಟೆ ಮುಂದೆ ತಳ್ಳುತ್ತಿದ್ದಳು. "ಇನ್ನೊಂದು ಸೌಟು ಹಾಕು."

ಮುಂದಿನ ಭಾನುವಾರ ಲೀನಾ ಡಬ್ಬಿ ಹಿಡಿದು ರ‍್ಯಾಪಿಡ್ ಕ್ರೀಕ್ ಮಾರ್ಕೆಟ್ಟಿಗೆ ಹೋದಳು. ಬ್ಯಾರಮಂಡಿ ಮೀನು, ಅನಾನಸ್ (ಹಣ್ಣೇ!), ಟೊಮೇಟೊ, ಕೆಸುವಿನ ದಂಟು, ಹುಣಸೆ, ಮೇಲೆ ಗದ್ದೆಸೊಪ್ಪು.

ಲುವಾನ್ ಒಂದು ಚಮಚ ಬಾಯಿಗಿಟ್ಟ. ಕಣ್ಣು ಮುಚ್ಚಿದ.

"ಚೆನ್ನಾಗಿದೆ. ಆದ್ರೆ... ಏನೋ ಕಮ್ಮಿ."

ಅವಳಿಗೆ ಎದೆಯಲ್ಲಿ ಚುಚ್ಚಿದಂತಾಯಿತು. "ಏನು ಕಮ್ಮಿ?"

"ಗೊತ್ತಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ?" ಅವನು ಮೊದಲ ಬಾರಿ ನಕ್ಕ. "ಅಮ್ಮ ಹೋಗಿ ಆರು ವರ್ಷ ಆಯ್ತು. ಅಡುಗೆಮನೆಗೆ ಯಾರನ್ನೂ ಬಿಡ್ತಿರಲಿಲ್ಲ. ಈ ಸಾರು ಹೇಗೆ ಮಾಡ್ತಿದ್ಲೋ ನನಗೂ ಗೊತ್ತಿಲ್ಲ, ಚಿಕ್ಕಮ್ಮಂಗೂ ಗೊತ್ತಿಲ್ಲ. ತಿನ್ನೋದೊಂದೇ ನಮ್ಮ ಕೆಲಸ ಆಗಿತ್ತು."

ಕಡಲೆಕಾಯಿಯ ಚಿಕ್ಕಮ್ಮ ತಲೆಯಾಡಿಸಿದಳು. ಮಾರ್ಕೆಟ್ಟಿಗೆಲ್ಲಾ ಅವಳು 'ಏಳನೇ ಚಿಕ್ಕಮ್ಮ'. ನಿಜಕ್ಕೂ ಆರನೆಯವಳು. ಅವರ ದೇಶದ ಕಡೆ ಮಕ್ಕಳ ಎಣಿಕೆ ಎರಡರಿಂದ ಶುರುವಾಗುತ್ತದೆ, ಚೊಚ್ಚಲಿಗೇ 'ಎರಡನೇ' ಎನ್ನುತ್ತಾರೆ.

ಗೊತ್ತಿಲ್ಲ ಅಂದನಲ್ಲ, ಅದು ಲೀನಾಳಿಗೆ ಹಿಡಿಸಿತು. ಕಮ್ಮಿ ಇದ್ದದ್ದು ಸಾರಿನಲ್ಲಿ. ಹುಡುಕಿದರೆ ಸಿಗುವಂಥದ್ದು.

ಹುಡುಕತೊಡಗಿದಳು. ಒಂದು ವಾರ ಹಸಿ ಮಾವು, ಒಂದು ವಾರ ನಿಂಬೆ, ಇನ್ನೊಂದು ವಾರ ಬಿಂಬುಳಿ. "ಅಮ್ಮನ ಸಾರು ಸ್ವಲ್ಪ ಕೆಂಪಗಿರ್ತಿತ್ತು," ಅಂದ ಅವನು ಒಮ್ಮೆ. ಟೊಮೇಟೊ ಜಾಸ್ತಿ ಹಾಕಿದಳು. ಅದೂ ಅಲ್ಲ.

ಪ್ರತಿ ವಾರ "ಏನೋ ಕಮ್ಮಿ." ಪ್ರತಿ ವಾರ ಡಬ್ಬಿ ಖಾಲಿ.

ಆದರೆ ಮೊದಲು ಹತ್ತು ನಿಮಿಷ ನಿಲ್ಲುತ್ತಿದ್ದದ್ದು ಅರ್ಧ ಗಂಟೆಯಾಯಿತು, ಅರ್ಧ ಗಂಟೆ ಒಂದು ಬೆಳಗಾಯಿತು. ಅವನು ಅವಳಿಗೆಂದು ಎಳೆ ಲಿಂಬೆಹುಲ್ಲು ಎತ್ತಿಡುತ್ತಿದ್ದ. ಅವಳು ಅವನ ತಕ್ಕಡಿಯ ಪಕ್ಕ ನಿಂತು ಸೊಪ್ಪು ಕಟ್ಟುತ್ತಿದ್ದಳು. ಹನ್ನೊಂದಕ್ಕೆ ಅಮ್ಮನನ್ನು ಚರ್ಚಿನಿಂದ ಕರೆತರಲು ಹೊರಟರೆ, ಅವನು ಮಾತಿನ ಮಧ್ಯೆಯೇ ನಿಂತುಬಿಡುತ್ತಿದ್ದ.

ಇದು ಏನು? ಸ್ನೇಹವಾ? ಅಥವಾ ಸಾರಿನ ಆಸೆಯಾ? ನನ್ನನ್ನು ಕಾಯುತ್ತಾನೋ, ಡಬ್ಬಿಯನ್ನು ಕಾಯುತ್ತಾನೋ? ಲೀನಾಳಿಗೆ ಒಂದೂ ಅರ್ಥವಾಗುತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಮೇ ತಿಂಗಳ ಮೊದಲ ಶನಿವಾರ. ಮಳೆ ನಿಂತು ಗಾಳಿ ಒಣಗಿತ್ತು. ಸ್ತಮಾತಿಯಾ ಜಾಮ್ ಮಾಡಲು ಕೆಂಪು ಪುಂಡಿಯ ಕಾಯಿಗಳನ್ನು ದೊಡ್ಡ ಪಾತ್ರೆಯಲ್ಲಿ ಬೇಯಿಸಲು ಇಟ್ಟಿದ್ದಳು. ಸಕ್ಕರೆ ಇನ್ನೂ ಹಾಕಿರಲಿಲ್ಲ. ಪಕ್ಕದ ಒಲೆಯಲ್ಲಿ ಲೀನಾಳ ಮೀನಿನ ಸಾರು ಕುದಿಯುತ್ತಿತ್ತು. ಹುಣಸೆ ಮುಗಿದಿತ್ತು.

ಅವಳು ಪುಂಡಿಯ ನೀರನ್ನು ಬೆರಳಿಗೆ ಹಚ್ಚಿ ನೆಕ್ಕಿದಳು. ಹುಳಿ! ಕೆಂಪು!

ಒಂದು ಸೌಟು ಎತ್ತಿ ತನ್ನ ಸಾರಿಗೆ ಸುರಿದೇಬಿಟ್ಟಳು.

"ಏಯ್, ನನ್ನ ಜಾಮ್!" ಎಂದು ಅಮ್ಮ ಕೂಗಿದಳು. ಲೀನಾಳಿಗೆ ಕೇಳಿಸಲಿಲ್ಲ. ಸಾರು ರುಚಿ ನೋಡಿ ಅಲ್ಲೇ ನಿಂತುಬಿಟ್ಟಿದ್ದಳು. ಇಷ್ಟು ದಿನದ ಯಾವ ಸಾರೂ ಹೀಗಿರಲಿಲ್ಲ. ಇದೇ ಇರಬೇಕು... ದೇವರೇ, ಇದೇ ಇರಬೇಕು!

ಮರುದಿನ, ಹದಿನಾರನೇ ಭಾನುವಾರ, ಡಬ್ಬಿಯ ಮುಚ್ಚಳ ತೆಗೆದು ಅವಳೇ ಚಮಚವನ್ನು ಅವನ ಕೈಗಿಟ್ಟಳು.

ಲುವಾನ್ ಒಂದು ಚಮಚ ತೆಗೆದುಕೊಂಡ. ಚಮಚ ಕೆಳಗಿಟ್ಟ. ಮುಖ ಆಚೆ ತಿರುಗಿಸಿದ.

"ಲುವಾನ್?"

"ಇಲ್ಲ." ಅವಳ ಕಡೆ ನೋಡಲೇ ಇಲ್ಲ ಅವನು. "ಇನ್ನೂ... ಏನೋ ಕಮ್ಮಿ."

ಅಷ್ಟು ಹೇಳಿ ವ್ಯಾನಿನ ಹಿಂದೆ ಹೋಗಿ ಪೆಟ್ಟಿಗೆ ಇಳಿಸತೊಡಗಿದ.

ಲೀನಾ ಡಬ್ಬಿಯನ್ನು ಅಲ್ಲೇ ಬಿಟ್ಟು ನಡೆದಳು. ಪಪ್ಪಾಯಿ ಅಂಗಡಿ ದಾಟುವಷ್ಟರಲ್ಲಿ ಹಿಂದಿನಿಂದ ಯಾರೋ ಅವಳ ತೋಳು ಹಿಡಿದು ಎಳೆದರು. ಏಳನೇ ಚಿಕ್ಕಮ್ಮ! ಕೈಯಲ್ಲಿ ಡಬ್ಬಿ, ಕೆನ್ನೆಯ ಮೇಲೆ ಕಣ್ಣೀರು.

"ನಿಲ್ಲೇ ಹುಡುಗಿ! ಏನ್ ಹಾಕ್ದೆ ಇದಕ್ಕೆ?"

"ಪುಂಡಿ... ಕೆಂಪು ಪುಂಡಿ."

"ಅಯ್ಯೋ ನನ್ನ ಹಣೆಬರಹವೇ! ಅಕ್ಕ ಅದನ್ನ ಬೇಲಿಯಿಂದ ದಿನಾ ಕಿತ್ಕೊಂಡು ಹೋಗ್ತಿದ್ಲು. ನಾನು ಹೂದಾನಿಗೆ ಅಂದ್ಕೊಂಡಿದ್ದೆ!" ಮುದುಕಿ ಅಳುತ್ತಲೇ ನಕ್ಕಳು. "ಇದು ನಮ್ಮಕ್ಕನ ಸಾರು ಕಣೇ. ಅಕ್ಕನೇ ಮಾಡಿದ ಹಾಗಿದೆ!"

"ಆದ್ರೆ ಲುವಾನ್ ಇಲ್ಲ ಅಂದ್ರು..."

"ಅವನಿಗೇನು ತಲೆ ಕೆಟ್ಟಿದೆಯಾ? ಅದನ್ನೇ ತಿಂದು ಬೆಳೆದವನು. ಗೊತ್ತಾಗದೆ ಇರುತ್ತಾ?"

ಗೊತ್ತಾಗಿತ್ತು. ಗೊತ್ತಾಗಿಯೂ ಇಲ್ಲ ಅಂದಿದ್ದ!

ಯಾಕೆ? ಮನೆಗೆ ಬಂದು ಹಾಸಿಗೆಯ ಮೇಲೆ ಬಿದ್ದುಕೊಂಡು ಲೀನಾ ಅದೊಂದನ್ನೇ ಕೇಳಿಕೊಂಡಳು. ಸಾರಿನಲ್ಲಿ ಏನೂ ಕಮ್ಮಿ ಇರಲಿಲ್ಲ. ಹಾಗಾದರೆ ಕಮ್ಮಿ ಇರುವುದು ಯಾರಲ್ಲಿ? ಅವನ ಅಮ್ಮನ ರುಚಿ ಪರರ ಮನೆಯ ಹೆಣ್ಣಿನ ಕೈಯಿಂದ ಬಂತು ಎಂದು ಸಹಿಸಲಾಗಲಿಲ್ಲವೇ? ಇಷ್ಟು ವಾರವೂ ಸುಮ್ಮನೆ ಆಟವಾಡಿಸಿದನೇ?

ಇಬ್ಬರು ಗಂಡಸರು, ಒಂದೇ ಮಾತು. ಇಬ್ಬರೂ ಸುಳ್ಳು ಹೇಳಿರಲು ಸಾಧ್ಯವಾ?

ಮುಂದಿನ ಭಾನುವಾರ ಅವಳು ಮಾರ್ಕೆಟ್ಟಿಗೆ ಹೋಗಲಿಲ್ಲ. ಅಡುಗೆಮನೆಗೂ ಹೋಗಲಿಲ್ಲ. ಸ್ತಮಾತಿಯಾ ದಿನವೂ ಬ್ರೆಡ್ಡು ಚೀಸು ಮುಂದಿಟ್ಟು, ಮಗಳ ಮುಖ ನೋಡಿ ಬೈಗುಳವನ್ನು ನುಂಗಿಕೊಂಡಳು.

ಹತ್ತನೇ ದಿನ, ಬುಧವಾರ ಸಂಜೆ, ಹಳದಿ ಗೇಟಿನ ಮುಂದೆ ಒಬ್ಬ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಮಾಡಿ ಬಾಚಿದ ತಲೆ. ಗಿಡಗಳಿಗೆ ನೀರು ಬಿಡುತ್ತಿದ್ದ ಸ್ತಮಾತಿಯಾ ಪೈಪನ್ನು ಅವನತ್ತಲೇ ತಿರುಗಿಸಿ ಹಿಡಿದಳು.

"ಯಾರಪ್ಪಾ ನೀನು?"

"ಸೊಪ್ಪು ಮಾರೋನು."

"ಸೊಪ್ಪೆಲ್ಲಿ?"

"ತಂದಿಲ್ಲ."

"ಮತ್ತೆ ಯಾಕೆ ಬಂದೆ?"

"ಅದೇ... ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ."

ಸ್ತಮಾತಿಯಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಲ್ಲಿ ನಿಲ್ಲಿಸಿದಳು. "ಲೀನಾ! ನಿನ್ನ ಹತ್ತು ದಿನದ ಜ್ವರ ಗೇಟಿನ ಹತ್ರ ನಿಂತಿದೆ, ಬಾ!"

ಲೀನಾ ಮೆಟ್ಟಿಲವರೆಗೆ ಬಂದಳು. ಅದಕ್ಕಿಂತ ಮುಂದೆ ಬರಲಿಲ್ಲ. ಅಮ್ಮ ಒಳಗೆ ಹೋದಳು. ಅಡುಗೆಮನೆಯ ಕಿಟಕಿ ಮಾತ್ರ ತೆರೆದೇ ಇತ್ತು.

"ಸಾರು ಸರಿಯಾಗಿತ್ತು," ಅಂದ ಲುವಾನ್.

"ಗೊತ್ತು. ನಿಮ್ಮ ಚಿಕ್ಕಮ್ಮ ಹೇಳಿದ್ರು."

"ಮೊದಲ ಚಮಚಕ್ಕೇ ಗೊತ್ತಾಯ್ತು."

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ?" ಅವಳ ದನಿ ಒಡೆಯಿತು. "ಒಬ್ಬ ಗ್ರೀಕ್ ಹೆಂಗಸು ನಿಮ್ಮಮ್ಮನ ಸಾರು ಮಾಡಿಬಿಟ್ಲಲ್ಲ ಅಂತ ಹೊಟ್ಟೆ ಉರೀತಾ?"

"ಅಯ್ಯೋ, ಇಲ್ಲ!" ಅವನು ಗಾಬರಿಯಾಗಿ ಒಂದು ಹೆಜ್ಜೆ ಮುಂದೆ ಬಂದ. "ಆರು ವರ್ಷದಿಂದ ಆ ರುಚಿಗೆ ಹಂಬಲಿಸ್ತಿದ್ದೆ ಲೀನಾ. ಅವತ್ತು ಸಿಕ್ತು. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ ಅನ್ನಿಸ್ತು. ಆಮೇಲೆ... ಎದೆ ಧಸಕ್ ಅಂತು."

"ಯಾಕೆ?"

"ಸಾರು ಸಿಕ್ಕಿತಲ್ಲ. ಇನ್ನು ಮುಂದಿನ ಭಾನುವಾರ ನೀವ್ಯಾಕೆ ಬರ್ತೀರಿ?"

ಲೀನಾ ಒಂದು ಮೆಟ್ಟಿಲು ಕೆಳಗಿಳಿದಳು.

"ಸಿಗಲಿಲ್ಲ ಅಂದುಬಿಟ್ರೆ ಮತ್ತೆ ಬರ್ತೀರಲ್ಲ, ಅದಕ್ಕೇ ಹಾಗಂದೆ." ಅವನು ತಲೆ ತಗ್ಗಿಸಿದ. "ಅಮ್ಮನ ಸಾರು ಇನ್ನು ಜೀವಮಾನದಲ್ಲಿ ಸಿಗದೇ ಹೋದ್ರೂ ಪರವಾಗಿಲ್ಲ, ನೀವು ಬಂದ್ರೆ ಸಾಕು ಅನ್ನಿಸ್ತು. ಹೇಳಿದ ತಕ್ಷಣ ತಪ್ಪು ಮಾಡಿದೆ ಅಂತ ಗೊತ್ತಾಯ್ತು. ಅಷ್ಟರಲ್ಲಿ ನೀವು ಹೋಗಿಬಿಟ್ಟಿದ್ರಿ."

ಲೀನಾ ಮೆಟ್ಟಿಲ ಮೇಲೆ ಕೂತಳು. ಅಳು ಬಂತು. ತಡೆಯಲಿಲ್ಲ. ಹಿಂದೊಬ್ಬ ಅದೇ ಮಾತು ಹೇಳಿ ಉಂಗುರ ಒಯ್ದದ್ದನ್ನೂ ಅವನಿಗೆ ಹೇಳಿದಳು.

ಲುವಾನ್ ಅವಳ ಪಕ್ಕದ ಮೆಟ್ಟಿಲಲ್ಲಿ ಕೂತ.

"ನಿಮ್ಮಲ್ಲಾ? ಕಮ್ಮಿನಾ?" ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ನನಗೆ ನಿಮ್ಮಲ್ಲಿ ಕಂಡಿರೋ ತಪ್ಪು ಒಂದೇ. ಹನ್ನೊಂದಾಯ್ತು ಅಂದ್ರೆ ಹೊರಟುಬಿಡ್ತೀರಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಇದನ್ನ ಮೊದಲೇ ನೇರವಾಗಿ ಹೇಳೋಕೆ ಏನಾಗಿತ್ತು?"

"ನೇರವಾಗಿ ಹೇಳೋದು ನಮ್ಮ ಮನೇಲಿ ಯಾರಿಗೂ ಬರಲ್ಲ."

"ನಮ್ಮ ಮನೇಲಿ ಎಲ್ರಿಗೂ ಬರುತ್ತೆ."

ಹೌದೆನ್ನುವಂತೆ ಕಿಟಕಿಯಿಂದ ಕೂಗು ಬಂತು. "ಲೀನಾ! ಅವನಿಗೆ ನೀನಂದ್ರೆ ಇಷ್ಟಾನೋ ಇಲ್ವೋ ಕೇಳಿ ಮುಗಿಸು! ನಿಂತೂ ನಿಂತೂ ನನ್ನ ಕಾಲು ನೋಯ್ತಿದೆ!"

ಲುವಾನ್ ಕಿಟಕಿಯ ಕಡೆ ತಿರುಗಿ, ಮಾರ್ಕೆಟ್ಟಿನಲ್ಲಿ ಸೊಪ್ಪು ಕೂಗುವ ದನಿಯಲ್ಲೇ ಕೂಗಿದ. "ಇಷ್ಟ! ತುಂಬಾ ಇಷ್ಟ!"

ಕಿಟಕಿ ಮುಚ್ಚಿಕೊಂಡಿತು.

ಅವನ ಕಿವಿಯೆಲ್ಲಾ ಕೆಂಪಾಗಿತ್ತು. ಲೀನಾ ಕಣ್ಣೊರೆಸಿಕೊಂಡು ಎದ್ದಳು. ಹತ್ತು ದಿನದ ಮೇಲೆ ಅವಳಿಗೆ ಹಸಿವಾಗುತ್ತಿತ್ತು.

"ನನಗೂ ಇಷ್ಟ. ಒಳಗೆ ಬನ್ನಿ. ಆದ್ರೆ ತಿನ್ನೋಕೆ ಏನೂ ಇಲ್ಲ, ಹೇಳಿರ್ತೀನಿ. ನಾನು ಒಲೆ ಹಚ್ಚಿಲ್ಲ."

"ನಾನು ಮಾಡ್ತೀನಿ."

"ನಿಮಗೆ ಅಡುಗೆ ಬರುತ್ತಾ?"

"ಅನ್ನ ಬರುತ್ತೆ."

"ಅನ್ನ... ಅಷ್ಟೇನಾ?"

"ಅಷ್ಟೇ."

ಅವಳು ಅವನ ಕೈ ಹಿಡಿದು ಎಬ್ಬಿಸಿದಳು. "ಸಾಕು ಬನ್ನಿ. ಅಕ್ಕಿ ಕೆಳಗಿನ ಡಬ್ಬದಲ್ಲಿದೆ. ಮೂರು ಜನಕ್ಕೆ ಇಡಿ."