ಕೆರೆಯ ಮೇಲಿನ ಕರಿ ಜಗಲಿ

ಮರಕ್ಕೂ ಕಿವಿ ಇದ್ದ ಕಾಲದಲ್ಲಿ ಅಲೆಗುಂದಿ ಅಂತ ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಕೇಳಬೇಡಿ, ನಾನೂ ಹೋಗಿ ನೋಡಿದವನಲ್ಲ. ಅಲ್ಲಿನ ಅರಮನೆಯ ಹಿಂಬಾಗಿಲು ತೆರೆದರೆ ದೊಡ್ಡದೊಂದು ಕೆರೆ. ಬಾಗಿಲಿನಿಂದ ಕೆರೆಯ ಮೇಲಕ್ಕೆ, ಕಂಬಗಳ ಮೇಲೆ ಹಲಗೆ ಜೋಡಿಸಿ ಮಾಡಿದ ಉದ್ದನೆಯ ಜಗಲಿ. ಸಂಜೆ ಗಾಳಿಗೆ ಕೂರೋಕೆ ಅಂತ ಹಳೆಯ ರಾಜರು ಕಟ್ಟಿಸಿದ್ದು. ನಮ್ಮ ಕತೆಯ ಹೊತ್ತಿಗೆ ಅಲ್ಲಿ ಒಂದು ನಾಯಿಯೂ ಮಲಗುತ್ತಿರಲಿಲ್ಲ.

ಅದಕ್ಕೆ ಕಾರಣ ಮಸಿರಾಯ ಅನ್ನೋ ಮಂತ್ರವಾದಿ. ಪ್ರತಿ ವರ್ಷ ಮಳೆ ನಿಂತ ಮೇಲೆ ಜಗಲಿಗೆ ಬಣ್ಣ ಬಳಿಯೋದು ಅವನ ಕೆಲಸ. ಮೊದಮೊದಲು ಬಿಳಿ ಬಳಿದ, ಆಮೇಲೆ ಕೆಂಪು, ಆಮೇಲೆ ಕಪ್ಪು. ಹಳೆಯದನ್ನು ಕೆರೆಯುತ್ತಿರಲಿಲ್ಲ, ಅದರ ಮೇಲೇ ಹೊಸದು. ಹಳೆಯದು ಕೆರೆದರೆ ರಾಜ್ಯ ಮುಳುಗುತ್ತೆ ಅಂತ ಎಲ್ಲರನ್ನೂ ನಂಬಿಸಿದ್ದ. ಬಣ್ಣ ಹಸಿ ಇರುವಾಗ ಮರೆತು ಕಾಲಿಟ್ಟವರು ಮತ್ತೆ ಕಾಣುತ್ತಿರಲಿಲ್ಲ. ಕೆರೆಗೆ ಬಿದ್ದಿರಬೇಕು ಅಂತ ಊರವರು ಅಳುತ್ತಿದ್ದರು. ಆದರೆ ಹಲಗೆಯಲ್ಲಿ ಹೊಸದೊಂದು ಗಂಟು ಮೂಡಿರುತ್ತಿತ್ತು, ಮನುಷ್ಯರ ಮುಖದಷ್ಟೇ ದೊಡ್ಡದು. ಕಂಡವರೂ ಕಾಣದ ಹಾಗೆ ಹೋಗುತ್ತಿದ್ದರು. ಒಳಗೆ ಸಿಕ್ಕವರ ಆಯಸ್ಸೆಲ್ಲ ಮಸಿರಾಯನಿಗೆ ಸೇರುತ್ತಿತ್ತು, ಅದಕ್ಕೇ ಅವನಿಗೆ ಒಂದು ಕೂದಲೂ ನರೆತಿರಲಿಲ್ಲ.

ಹಸಿ ಬಣ್ಣಕ್ಕೆ ಯಾರ ಗುರುತೂ ಇಲ್ಲ ನೋಡಿ. ಬಳಿದವನಿಗೂ ಅದೇ ಗತಿ. ಹಾಗಾಗಿ ಮಸಿರಾಯ ಕೆರೆಯ ತುದಿಯಿಂದ ಶುರು ಮಾಡಿ, ಹಿಂದೆ ಹಿಂದೆ ಸರಿದು ಬಾಗಿಲು ದಾಟಿ, ಒಣಗುವ ತನಕ ಊರನ್ನೇ ಬಿಟ್ಟು ಹೋಗುತ್ತಿದ್ದ.

ಅದೇ ಊರಲ್ಲಿ ಮಾಳಿ ಅಂತ ಒಬ್ಬಳಿದ್ದಳು, ದೋಣಿ ಕಟ್ಟುವವರ ಮನೆಯ ಮಗಳು. ಗಂಡ ದೇವು ಅರಮನೆಗೆ ಕುಡಿಯುವ ನೀರು ಹೊರುತ್ತಿದ್ದ. ಮದುವೆಯಾಗಿ ಇನ್ನೂ ಅರಿಸಿನದ ಬಣ್ಣ ಬಿಟ್ಟಿರಲಿಲ್ಲ. ಆ ಕಡೆ ಗಂಡ ಹೆಂಡತಿ ಹೆಸರು ಹಿಡಿದು ಕರೆಯೋ ಪದ್ಧತಿ ಇಲ್ಲ. ಅವನು "ಇವಳೇ" ಅಂದರೆ ಇವಳು ತಿರುಗೋದು, ಇವಳು "ಏನೂಂದ್ರೆ" ಅಂದರೆ ಅವನು. ಇಬ್ಬರಿಗೂ ಅಷ್ಟೇ ಸಾಕಾಗಿತ್ತು.

ಒಂದು ಸಂಜೆ ದೇವು ಮನೆಗೆ ಬರಲಿಲ್ಲ. ಮಾಳಿ ಹುಡುಕುತ್ತಾ ಬಂದರೆ ಅರಮನೆಯ ಹಿಂಬಾಗಿಲಲ್ಲಿ ಅವನ ಕೊಡ ಉರುಳಿ ಬಿದ್ದಿದೆ. ಆಚೆಗೆ ಜಗಲಿ, ಹೊಸ ಕರಿ ಬಣ್ಣ ಬಳಿದು ಹಸಿಹಸಿ ಹೊಳೀತಾ ಇದೆ. ಅವಳು ಹೊಸಿಲಲ್ಲಿ ನಿಂತು "ಏನೂಂದ್ರೆ" ಅಂದಳು. ಬಾಗಿಲಿಂದ ಸ್ವಲ್ಪ ಆಚೆಯ ಹಲಗೆಯೊಳಗಿಂದ ದನಿ ಬಂತು.

"ಇವಳೇ, ಕಾಲಿಡಬೇಡ. ಬಣ್ಣ ಒಣಗಿದರೆ ನಾನೂ ಮರ ಆಗಿಬಿಡ್ತೀನಿ. ಒಳಗೆ ತುಂಬ ಜನ ಇದ್ದಾರೆ ಕಣೇ. ಯಾರೂ ಮಾತಾಡಲ್ಲ."

ಮಾಳಿ ಬಿದ್ದ ಕೊಡವನ್ನೂ ಎತ್ತಲಿಲ್ಲ. ಹಾಗೇ ಓಡಿ ರಾಜನ ಮುಂದೆ ನಿಂತಳು.

"ಬುದ್ಧಿ, ನಮ್ಮಲ್ಲಿ ದೋಣಿಗೆ ಹಳೇ ಬಣ್ಣದ ಮೇಲೆ ಹೊಸದು ಬಳಿಯಲ್ಲ. ಬರೀ ಮರ ಬರೋ ತನಕ ಕೆರೀತೀವಿ, ಆಮೇಲೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಕುಡಿಸ್ತೀವಿ. ಗೇರೆಣ್ಣೆ ಕುಡಿದ ಮರಕ್ಕೆ ಹುಳವೂ ಹತ್ತಲ್ಲ, ಮಾಟವೂ ಹತ್ತಲ್ಲ. ಜಗಲಿ ಕೆರೆಯೋಕೆ ಅಪ್ಪಣೆ ಕೊಡಿ."

ರಾಜ ಚೆನ್ನಬೊಮ್ಮರಸ ಮುದುಕ. ಅವನ ಪುಟ್ಟ ಮಗಳು ಕುಮುದಿ ಜಗಲಿಯಲ್ಲೇ ಕಾಣೆಯಾಗಿ ಎಷ್ಟೋ ಕಾಲವಾಗಿತ್ತು. "ರಾಜ್ಯ ಮುಳುಗಿದರೆ?" ಅಂದ.

"ನನ್ನ ರಾಜ್ಯ ಈಗಾಗಲೇ ಮುಳುಗಿದೆ ಬುದ್ಧಿ."

ರಾಜ ಗೋಡೆ ಕಡೆ ತಿರುಗಿ ಕೂತ. "ನಾನು ನಿನ್ನನ್ನ ನೋಡೇ ಇಲ್ಲ ತಾಯಿ. ಹೋಗು" ಅಂದ. ಹೇಡಿ ಅನ್ನಬೇಡಿ, ಅವನ ಜಾಗದಲ್ಲಿ ನಾನಿದ್ದಿದ್ದರೆ ಮಂಚದ ಕೆಳಗೆ ಇರುತ್ತಿದ್ದೆ.

ಮಾಳಿ ಮನೆಯಿಂದ ಬೂದಿ ನೀರು, ಉಳಿ, ಮರ ನುಣುಪಾಗಿ ಉಜ್ಜುವ ಒರಟು ಗರಗತ್ತಿ ಎಲೆ, ಗೇರೆಣ್ಣೆ ಎಲ್ಲಾ ಹೊತ್ತು ತಂದಳು. ಹೊಸಿಲ ಮೇಲೆ ಕೂತು ಮೊದಲ ಹಲಗೆಗೆ ಬೂದಿ ನೀರು ಹುಯ್ದು ಕೆರೆದಳು. ಕಪ್ಪು ಹೋಗಿ ಕೆಂಪು ಕಂಡಿತು. ಒಣಗಿದ ಆ ಕೆಂಪಿನ ಮೇಲೆ ಕಾಲಿಟ್ಟು ಮುಂದಿನ ಹಲಗೆ. ಹಾಗೇ ಮುಂದಕ್ಕೆ ಹೋದಳು. ಆದರೆ ಕೆರೆದು ಬಿದ್ದ ಕರಿ ಸಿಪ್ಪೆಗಳು ಸುಮ್ಮನೆ ಬಿದ್ದಿರಲಿಲ್ಲ. ಸುರುಳಿ ಸುತ್ತಿ, ತಲೆ ಎತ್ತಿ, ಹಾವಾಗಿ ಅವಳ ಮೊಣಕಾಲಿಗೆ ಹತ್ತಿದವು. ಅವಳು ಹೆದರಿ ಕಣ್ಣು ಮುಚ್ಚಿಕೊಂಡಳು.

"ಇವಳೇ, ಅವು ಸಿಪ್ಪೆ. ನೀನು ಕೆರೆ" ಅಂತ ಹಿಂದಿನಿಂದ ದೇವುವಿನ ದನಿ ಬಂತು. ಅವಳು ಕಣ್ಣು ಮುಚ್ಚಿಕೊಂಡೇ ಬೂದಿ ನೀರನ್ನು ಕಾಲ ಮೇಲೆ ಸುರಿದುಕೊಂಡಳು. ಹಾವುಗಳು ಮೆತ್ತಗಾಗಿ ಜಾರಿ ಕೆರೆಗೆ ಬಿದ್ದವು.

ಕಪ್ಪು ಮುಗಿಯಿತು, ಆದರೆ ದೇವು ಹೊರಗೆ ಬರಲಿಲ್ಲ. ಕೆಂಪು ಬಣ್ಣದ ಕೆಳಕ್ಕೆ ಇಳಿದುಬಿಟ್ಟಿದ್ದ. ದನಿಯೂ ಇಳಿದಿತ್ತು. ಮಾಳಿ ಅಳುತ್ತಲೇ ಉಳಿ ಹಿಡಿದಳು.

ಈಗ ಜಗಲಿಯ ತುದಿಯಲ್ಲಿ ಒಂದು ಕೆಂಪು ನಾಯಿ ಎದ್ದು ನಿಂತಿತು, ಎಮ್ಮೆ ಗಾತ್ರದ್ದು. ಗುರ್ ಅಂತ ಹತ್ತಿರ ಬಂತು. ಅದರ ಬಿಸಿಯುಸಿರು ಅವಳ ಮುಖಕ್ಕೆ ಬಡಿಯಿತು. ಇನ್ನೇನು ಕೆರೆಗೆ ಹಾರಬೇಕು ಅನ್ನುವಾಗ ಅವಳು ಒಂದು ವಿಷಯ ಗಮನಿಸಿದಳು. ಕೆಂಪು ಕೆರೆದ ಜಾಗಕ್ಕೆ ನಾಯಿ ಕಾಲಿಡುತ್ತಿಲ್ಲ. ಮಾಳಿ ಹಲ್ಲು ಕಚ್ಚಿ ನಾಯಿಯ ಕಡೆಗೇ ಕೆರೆಯುತ್ತಾ ಹೋದಳು. ಕೆಂಪು ಕಡಿಮೆಯಾದಷ್ಟೂ ನಾಯಿ ಸಣ್ಣದಾಯಿತು. ಕರುವಾಯಿತು, ಬೆಕ್ಕಾಯಿತು, ಕೊನೆಯ ಹಲಗೆಯಲ್ಲಿ ಇಲಿಯಾಗಿ ಕೀಚ್ ಅಂದು ನೀರಿಗೆ ಬಿತ್ತು.

ಉಳಿದದ್ದು ಬಿಳಿ. ಅದು ತೆಳ್ಳಗೆ ಮರದ ಎಳೆಗೇ ಹತ್ತಿಕೊಂಡಿತ್ತು, ಉಳಿ ಹಾಕಿದರೆ ಮರಕ್ಕೆ ಗಾಯವಾಗುತ್ತಿತ್ತು. ಮಾಳಿ ಗರಗತ್ತಿ ಎಲೆ ಹಿಡಿದು ಉಜ್ಜಿದಳು. ಬೆರಳಿನ ತುದಿ ಸವೆದು ರಕ್ತ ಬಂತು. ದೇವು ಈಗ ಮಾತಾಡುತ್ತಿರಲಿಲ್ಲ. ಕಿವಿಯಿಟ್ಟರೆ ಉಸಿರು ಮಾತ್ರ ಕೇಳಿಸುತ್ತಿತ್ತು, ಅದೂ ತಡೆದು ತಡೆದು.

ತುದಿ ತಲುಪಿ, ಬಿಳಿ ಒಂದು ಅಂಗೈಯಷ್ಟು ಉಳಿದಿತ್ತು. ಆಗ ಹಿಂದಿನಿಂದ ಯಾರೋ ಕರೆದರು.

"ಮಾಳೀ, ನಾನು ಬಂದೆ. ಸಾಕು ಎದ್ದೇಳು."

ತಿರುಗಿದರೆ ದೇವು. ಅದೇ ಪಂಚೆ, ಅದೇ ನಗು, ಒದ್ದೆ ತಲೆ. "ಮಾಳೀ, ಮನೆಗೆ ಹೋಗೋಣ. ಚೂರು ಬಿಳಿ ಇದ್ದರೆ ಯಾರಿಗೇನು?"

ಅವಳಿಗೆ ಓಡಿ ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಅರ್ಧ ಎದ್ದೂ ಎದ್ದಳು. ಆಮೇಲೆ ಅಲ್ಲೇ ತಡೆದಳು. ಕುತ್ತಿಗೆಗೆ ತಾಳಿ ಬಿದ್ದಾಗಿನಿಂದ ಆ ಬಾಯಲ್ಲಿ ತನ್ನ ಹೆಸರು ಅವಳು ಕೇಳಿಯೇ ಇರಲಿಲ್ಲ.

"ನಮ್ಮೆಜಮಾನರು ನನ್ನ ಹೆಸರು ಹೇಳಲ್ಲ" ಅಂದು, ತಿರುಗಿ ಕೂತು ಆ ಚೂರನ್ನೂ ಉಜ್ಜಿಬಿಟ್ಟಳು. ಬೆನ್ನ ಹಿಂದೆ ನಿಂತಿದ್ದದ್ದು ಹಾಲಿನ ಹಾಗೆ ಕರಗಿ, ಹಲಗೆ ಸಂದಿಯಲ್ಲಿ ಸೋರಿ ಕೆರೆಗೆ ಇಳಿಯಿತು. ಇಳಿಯುವಾಗಲೂ ಮಾಳೀ ಮಾಳೀ ಅಂತಲೇ ಇತ್ತು.

ಈಗ ಬರೀ ಮರ. ಹಲಗೆ ತುಂಬ ಮುಖಗಳು, ಕಣ್ಣು ಮುಚ್ಚಿದ ಮುಖಗಳು. ಮಾಳಿ ತೆಂಗಿನ ನಾರನ್ನು ಗೇರೆಣ್ಣೆಯಲ್ಲಿ ಅದ್ದಿ, ಕೆರೆಯ ತುದಿಯಿಂದ ಎಳೆಯುದ್ದಕ್ಕೂ ತಿಕ್ಕುತ್ತಾ ಬಾಗಿಲ ಕಡೆ ಹಿಂದೆ ಸರಿದಳು. ಎಣ್ಣೆ ತಾಗಿದ ಕೈಯಲ್ಲಿ ಬೊಬ್ಬೆ ಎದ್ದವು. ಮರ ಬಾಯಾರಿದ ದನದ ಹಾಗೆ ಕುಡಿಯಿತು, ಗಂಟುಗಳು ಸಡಿಲವಾದವು, ಒಬ್ಬೊಬ್ಬರೇ ಕೆಮ್ಮುತ್ತಾ ಎದ್ದು ಬಾಗಿಲ ಕಡೆ ನಡೆದರು. ಕುಮುದಿ ಇನ್ನೂ ಪುಟ್ಟ ಹುಡುಗಿಯಾಗಿಯೇ ಇದ್ದಳು. ಬಾಗಿಲಿಗೆ ಓಡಿ ಬಂದ ರಾಜನನ್ನು ನೋಡಿ "ಅಪ್ಪ ಯಾಕೆ ತಾತ ಆಗಿದ್ದಾನೆ?" ಅಂತ ಕೇಳಿದಳು. ರಾಜ ಅವಳನ್ನು ಎತ್ತಿಕೊಂಡು ಗೊಳೋ ಅಂತ ಅತ್ತ.

ಮುಖವಿದ್ದ ಹಲಗೆಗಳಲ್ಲಿ ದೇವುವಿನದು ಕೊನೆಯದು, ಅದರಾಚೆ ಬಾಗಿಲ ತನಕ ಎಣ್ಣೆ ಕಾಣದ ಬರೀ ಮರ. ಚಿಪ್ಪಿನಲ್ಲಿ ಚೂರು ಎಣ್ಣೆ ಉಳಿದಿತ್ತು. ಅಷ್ಟರಲ್ಲಿ ಕರಿ ಬಣ್ಣ ತುಂಬಿದ ಮಡಕೆ ಹಿಡಿದ ಮಸಿರಾಯ ರಾಜನನ್ನು ತಳ್ಳಿಕೊಂಡು ಬಂದ. ಊರ ಹೊರಗಿದ್ದಾಗಲೇ ಕದ್ದ ಆಯಸ್ಸೆಲ್ಲ ಜಾರಿ, ನಿಜವಾದ ವಯಸ್ಸು ಅವನ ಮೈಮೇಲೆ ಬಂದಿತ್ತು. ಚರ್ಮ ಜೋತುಬಿದ್ದಿತ್ತು, ಹಲ್ಲು ಉದುರಿತ್ತು. ಸಿಟ್ಟಿನಲ್ಲಿ ಜಗಲಿಗೆ ನೆಗೆದು ದೇವುವಿನ ಹಲಗೆ ಮೇಲೆ ನಿಂತ. ತಿರುಗಿ, ತನಗೂ ಬಾಗಿಲಿಗೂ ನಡುವೆ ಹಸಿ ಕಪ್ಪು ಸುರಿದ.

"ಈಗ ಹೇಗೆ ಹೊರಗೆ ಹೋಗ್ತೀಯೇ?" ಅಂದ.

ಮಾಳಿ ಅವನ ಹಿಂದಿನ ಕಪ್ಪಿನ ಕಡೆ ನೋಡಿದಳು. ಆಮೇಲೆ ಕೇಳಿದಳು. "ನೀವು ಹೇಗೆ ಹೋಗ್ತೀರಿ ಸ್ವಾಮಿ?"

ಮಸಿರಾಯ ಹಿಂದೆ ನೋಡಿದ, ತನ್ನದೇ ಕಪ್ಪು. ಮುಂದೆ ನೋಡಿದ, ಮಾಟ ಸುಡುವ ಎಣ್ಣೆ. ಬದುಕೆಲ್ಲ ಹಿಂದಕ್ಕೆ ಸರಿದೇ ಬಳಿದವನು, ಆತುರಕ್ಕೆ ಬಿದ್ದು ತನ್ನ ದಾರಿಯನ್ನೇ ಬಳಿದುಕೊಂಡಿದ್ದ. ದನಿ ಇಳಿಯಿತು.

"ಆ ಎಣ್ಣೆ ಕೆರೆಗೆ ಚೆಲ್ಲು ತಾಯಿ. ನಿನ್ನ ಗಂಡನ್ನ ನಾನೇ ಬಿಡಿಸಿ ಕೊಡ್ತೀನಿ."

ಮಾಳಿ ಬಗ್ಗಿದಳು. ಉಳಿದ ಎಣ್ಣೆಯನ್ನೆಲ್ಲ ಅವನ ಪಾದದ ಕೆಳಗಿನ ಹಲಗೆಗೆ ಸುರಿದು, "ಏನೂಂದ್ರೆ" ಅಂತ ಕರೆದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಹಲಗೆಯಿಂದ ಒಂದು ಕೈ ಎದ್ದು ಮಸಿರಾಯನ ಕಾಲು ಹಿಡಿಯಿತು. ಅವನು ಕಿರುಚಿ, ಕೊಸರಿಕೊಂಡು ಹಿಂದಕ್ಕೆ ಹಾರಿದ, ತನ್ನ ಕಪ್ಪಿನೊಳಕ್ಕೇ. ಮೊಣಕಾಲು ಹೋಯಿತು, ಸೊಂಟ ಹೋಯಿತು, ಬಾಯಿ ಹೋಯಿತು. ಕಪ್ಪು ಮುಚ್ಚಿಕೊಂಡಿತು. ದೇವು ಕೆಮ್ಮುತ್ತಾ ಹಲಗೆಯಿಂದ ಎದ್ದು ಮಾಳಿಯ ಪಕ್ಕ ಕೂತ.

ಕಪ್ಪು ಬಿದ್ದ ಹಲಗೆಗಳನ್ನು ಆಳುಗಳು ಬಾಗಿಲಲ್ಲೇ ನಿಂತು ಉದ್ದನೆಯ ಮೀಟುಗೋಲಿನಲ್ಲಿ ಕಿತ್ತು ಸುಣ್ಣದ ಭಟ್ಟಿಗೆ ಹಾಕಿದರು. ಆ ಜಾಗಕ್ಕೆ ಹೊಸ ಹಲಗೆ ಬಂತು, ಅದರ ಮೇಲೆ ಮಾಳಿ ದೇವು ಬಾಗಿಲು ದಾಟಿದರು. ಅಂದಿನಿಂದ ಅಲೆಗುಂದಿಯಲ್ಲಿ ಮಳೆ ನಿಂತ ಮೇಲೆ ರಾಜನಾದಿಯಾಗಿ ಎಲ್ಲರೂ ಗರಗತ್ತಿ ಎಲೆ ಹಿಡಿದು ಜಗಲಿ ಉಜ್ಜಿ, ಬರೀ ಮರ ಕಂಡ ಮೇಲೇ ಎಣ್ಣೆ ಕುಡಿಸುತ್ತಿದ್ದರು. ಸಂಜೆ ಮಕ್ಕಳು ಅಲ್ಲಿ ಕೂತು ನೀರಿಗೆ ಕಾಲು ಇಳಿಬಿಡುತ್ತಿದ್ದರು. ಎಲ್ಲರೂ ಉಂಡುಟ್ಟು ಸುಖವಾಗಿದ್ದರು, ಮಾಳಿ ದೇವು ಎಲ್ಲರಿಗಿಂತ ಒಂದು ತುತ್ತು ಹೆಚ್ಚೇ.

ಒಂದೊಂದು ಸಂಜೆ ಮಾತ್ರ, ಅವಳು ಜಗಲಿಯ ತುದಿಯಲ್ಲಿ ಒಬ್ಬಳೇ ಕೂತಿರುವಾಗ, ಕೆಳಗೆ ನೀರಿನಿಂದ ದೇವುವಿನದೇ ದನಿ "ಮಾಳೀ" ಅಂತ ಕರೆಯುತ್ತಿತ್ತು. ಅವಳು ತಿರುಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.

"ಇವಳೇ, ಅನ್ನ ಆರಿ ಹೋಗುತ್ತೆ, ಬಾ" ಅಂತ ಬಾಗಿಲಿಂದ ಕೇಳಿಸಿದ ಮೇಲೇ ಅವಳು ಎದ್ದು ಹೋಗುತ್ತಿದ್ದಳು.