ಕಿಟಕಿ, 11.20

ಬಣ್ಣ ತಪ್ಪಿದ ನಾಲ್ಕು ಸಾವಿರ ಕಾರ್ಡುಗಳು ಬಾಣಂತಿಯರ ಕೈ ಸೇರಿದವು. ತಪ್ಪನ್ನು ಮುದ್ರಣಾಲಯದ ವಿನ್ಯಾಸಕಿಯ ತಲೆಗೆ ಕಟ್ಟಿ ಅವಳನ್ನು ಕೆಲಸದಿಂದ ತೆಗೆದರು.

ಮಂಗಳವಾರ ಬೆಳಿಗ್ಗೆ 10.15ಕ್ಕೆ ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸ್ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಮುಂದೆ ಎರಡು ಕಾರ್ಡು ಇಟ್ಟರು, ಒಂದು ಹಳೆಯದು, ಒಂದು ಹೊಸದು. ಹಸುಗೂಸಿನ ಮಲದ ಬಣ್ಣವನ್ನು ತಾಯಿ ಈ ಕಾರ್ಡಿನ ಪಕ್ಕ ಹಿಡಿದು ನೋಡಬೇಕು. ಮೇಲಿನ ಹಳದಿ ಚೌಕಗಳಿಗೆ ಹೊಂದಿದರೆ ಚಿಂತೆಯಿಲ್ಲ. ಕೆಳಗಿನ ಬಿಳಚು ಚೌಕಗಳಿಗೆ ಹೊಂದಿದರೆ ಪಿತ್ತನಾಳ ಮುಚ್ಚಿರಬಹುದು, ಅಂದೇ ಆಸ್ಪತ್ರೆಗೆ ಓಡಬೇಕು. ಹೊಸ ಕಾರ್ಡಿನಲ್ಲಿ ಮೇಲಿನ ಸಾಲೂ ಬಿಳಚಿಕೊಂಡಿತ್ತು.

"ಒಬ್ಬ ತಾಯಿ ಹತ್ತು ದಿನ ಸರಿಯಿದೆ ಅಂದ್ಕೊಂಡು ಸುಮ್ನಿದ್ಲು. ನನ್ನ ಜೇಬಲ್ಲಿ ಹಳೇ ಕಾರ್ಡಿತ್ತು, ಪುಣ್ಯ. ನಿನ್ನೆ ಆಪರೇಷನ್ ಆಯ್ತು. ಮಗು ಉಳೀತು."

"ದೂರು ಯಾರ ಮೇಲೆ?"

"ಪ್ರಿಂಟಿಂಗ್ ಪ್ರೆಸ್‌ನೋರು ಆ ಡಿಸೈನ್ ಹುಡುಗಿ ಮೇಲೆ ಹೇಳ್ತಾರೆ. ನನಗೆ ನಿಜ ಬೇಕು ಸರ್."

11 ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಸದ್ಯಕ್ಕೆ ವಿನ್ಯಾಸಕಿಯ ಹೆಸರೇ ಕುಳಿತಿತು.

ಮುದ್ರಣಾಲಯದ ಯಜಮಾನರು ನಲವತ್ತು ವರ್ಷ ಬಣ್ಣ ಕಂಡವರು. ಕೇಳುವ ಮೊದಲೇ, ಅಚ್ಚಿಗೆ ಮುಂಚೆ ಬಣ್ಣ ನೋಡಲು ತೆಗೆದ ಪ್ರೂಫ್ ಹಾಳೆ ಚಾಚಿದರು. "ಬಣ್ಣ ಒಪ್ಪಿ ಅವಳೇ ಸಹಿ ಹಾಕಿದಾಳೆ, ನೋಡಿ." ಇನ್ಸ್‌ಪೆಕ್ಟರ್ ಪಂಚನಾಮೆ ಬರೆದು ಹಾಳೆಯನ್ನು ವಶಕ್ಕೆ ಪಡೆದರು.

ಮಧ್ಯಾಹ್ನ 3ಕ್ಕೆ ವಿನ್ಯಾಸಕಿಯ ಮನೆ. ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು.

"ಸಹಿ ನನ್ನ ಥರಾನೇ ಇದೆ. ಆದ್ರೆ ಬೆಳಕೆಲ್ಲಿ?"

"ಯಾವ ಬೆಳಕಮ್ಮ?"

"ಕಂಪ್ಯೂಟರ್ ಪರದೆಗೆ ತನ್ನದೇ ಬೆಳಕಿದೆ, ಕಾಗದಕ್ಕಿಲ್ಲ. ಪರದೆ ಮೇಲೆ ಹೊಳೆಯೋ ಹಳದಿ ಶಾಯೀಲಿ ಬರಲ್ಲ. ಅದಕ್ಕೇ ಪ್ರೂಫ್ ತೆಗೆದು ಸರಿಯಾದ ಬೆಳಕಲ್ಲಿ ನೋಡಬೇಕು. ಬಣ್ಣ ನೋಡೋ ಬಿಳಿ ದೀಪ ಸುಟ್ಟು ಎರಡು ತಿಂಗಳಾಯ್ತು. ಆಮೇಲೆ ಕಿಟಕಿ ಹತ್ರಾನೇ ನೋಡ್ತೀನಿ. ಯಾವ ಬೆಳಕು, ಎಷ್ಟು ಹೊತ್ತಿಗೆ ಅಂತ ಸಹಿ ಪಕ್ಕ ಬರೀದೆ ಬಿಡಲ್ಲ."

ಹಾಳೆಯ ಅಂಚಿನಲ್ಲಿ ಯಂತ್ರವೇ ಒತ್ತಿದ್ದ ಸಮಯ ಸಂಜೆ 7.05. ಕಿಟಕಿಯಲ್ಲಿ ಬೆಳಕಿರದ ಹೊತ್ತು. ಹಾಜರಿ ಪುಸ್ತಕದ ಪ್ರಕಾರ ಅವಳು ಆರಕ್ಕೇ ಹೊರಟಿದ್ದಳು.

ಬುಧವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮುದ್ರಣಾಲಯಕ್ಕೇ ಹೋಗಿ ಮಷೀನ್ ನಡೆಸುವ ಹಿರಿಯನನ್ನು ವಿಚಾರಿಸಿದರು. ಎಲ್ಲರಿಗೂ ಅವನು 'ಮಷೀನಣ್ಣ'. ಅವನು ತನ್ನ ಡ್ರಾಯರ್ ಎಳೆದು ಕಪ್ಪು ಕಾಗದದ ಸುರುಳಿ ಬಿಚ್ಚಿದ. ಒಳಗೆ ಇನ್ನೊಂದು ಪ್ರೂಫ್. ಹಳದಿ ಹಳದಿಯಾಗಿಯೇ ಇತ್ತು. ಸಹಿಯ ಪಕ್ಕ: ಕಿಟಕಿ, 11.20.

"ಬೆಳಕಿಗೆ ಬಣ್ಣ ಮಾಸುತ್ತೆ, ಅದಕ್ಕೆ ಸುತ್ತಿಡ್ತೀನಿ. ಪ್ರತಿ ಕೆಲಸದ್ದೂ."

ಕಾನ್‌ಸ್ಟೆಬಲ್ ನಕ್ಕ. "ನಮ್ಮ ಠಾಣೆ ಫೈಲೂ ನೀವೇ ಇಟ್ಕೊಳ್ಳಿ ಅಣ್ಣ, ಒಂದಾದ್ರೂ ಸಿಗುತ್ತೆ."

"ಹಾಗಾದ್ರೆ ಬಿಳಚು ಕಾರ್ಡು ಹೇಗೆ ಬಂತು?" ಇನ್ಸ್‌ಪೆಕ್ಟರ್ ಕೇಳಿದರು.

"ಅವತ್ತು ಸಂಜೆ ಯಜಮಾನ್ರು ಹಳದಿ ಜಾಸ್ತಿಯಾಯ್ತು ಅಂತ ಫೈಲ್ ತಿದ್ದಿ ಅಚ್ಚಿಗೆ ಹೊಸ ಪ್ಲೇಟ್ ಕೊಟ್ರು. ಆಯಮ್ಮ ನೋಡ್ಲಿ ಅಂದೆ. ನನ್ನ ಕಣ್ಣಿಗಿಂತ ಅವಳದ್ದು ದೊಡ್ಡದಾ ಅಂದ್ರು."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೆದರಿದ್ದೆ ಸರ್. ಈ ಹಳೇ ಹಾಳೆ ಬಿಸಾಡು ಅಂದಾಗ ಮಾತ್ರ ಕೈ ಬರಲಿಲ್ಲ."

ಸಂಜೆ 4.30. ಇನ್ಸ್‌ಪೆಕ್ಟರ್ ಯಜಮಾನರ ಮುಂದೆ ಎರಡು ಚೀಟಿ ಇಟ್ಟರು. "ಹಳದಿ ಯಾವುದು?"

ಯಜಮಾನರು ಚೀಟಿಗಳನ್ನು ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ನೋಡಿದರು. "ಎರಡೂ ಹಳದಿನೇ."

ಒಂದು ಅಚ್ಚ ಬಿಳಿಯದು. ಮಷೀನಣ್ಣ ಮುಖ ತಿರುಗಿಸಿಕೊಂಡ.

5.10ಕ್ಕೆ ಸುಳ್ಳು ಸಹಿ ಸೃಷ್ಟಿಸಿದ ಆರೋಪದ ಮೇಲೆ ಯಜಮಾನರನ್ನು ಬಂಧಿಸಲಾಯಿತು. ಹೇಳಿಕೆ ಚಿಕ್ಕದು. "ವರ್ಷದಿಂದ ಕಣ್ಣಿಗೆ ಪೊರೆ. ಎಲ್ಲವೂ ಹಳದಿಯಾಗಿ ಕಾಣುತ್ತಿತ್ತು. ಬಣ್ಣದ ಕಣ್ಣೆಂದು ಹೆಸರಾದವನಿಗೆ ಆ ಕಣ್ಣು ಹೋಯಿತೆನ್ನಲು ಬಾಯಿ ಬರಲಿಲ್ಲ. ದೂರು ಬಂದಾಗ, ಹೊಸ ಪ್ಲೇಟಿನಿಂದ ಆ ಸಂಜೆ ತೆಗೆದ ಹಾಳೆಗೆ ಅವಳ ಸಹಿ ಹಾಕಿದೆ. ಅವಳಿಗಿನ್ನೂ ವಯಸ್ಸಿದೆ, ಬೇರೆ ಕೆಲಸ ಸಿಗುತ್ತದೆ ಅಂದುಕೊಂಡೆ." ಕೂಲಿ ಮಾಡುವವರ ಹೆಸರು ಹೋದರೂ ನಡೆಯುತ್ತದೆ ಎಂದು ಕುರ್ಚಿಯಲ್ಲಿ ಕೂತವರಿಗೆ ಯಾರೂ ಕಲಿಸಬೇಕಿಲ್ಲ. ಇನ್ಸ್‌ಪೆಕ್ಟರ್ ಎಫ್‌ಐಆರ್‌ನಿಂದ ಅವಳ ಹೆಸರು ಕೈಬಿಡಲು ವರದಿ ಬರೆದರು.

ಅಂಗಡಿಯ ಬೀಗದ ಕೈ ಹಿಡಿದು ಬಂದ ಯಜಮಾನರ ಹೆಂಡತಿ ವಿನ್ಯಾಸಕಿಯನ್ನು ಮತ್ತೆ ಕರೆಸಿದರು. ಅವಳು ಮೊದಲು ಮಷೀನಣ್ಣನ ಶಾಯಿ ಮೆತ್ತಿದ ಕೈ ಹಿಡಿದುಕೊಂಡಳು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಯಜಮಾನ್ರನ್ನ ಕಣ್ಣಿನ ಡಾಕ್ಟರ್‌ಗೆ ತೋರಿಸಿ ಸರ್. ಕಿಟಕಿ ಹತ್ರ ನೋಡು ಅಂತ ನನಗೆ ಕಲಿಸಿದ್ದು ಅವರೇ. ಆ ಋಣ ಇದೆ."

ಹೊಸ ಪ್ರೂಫ್ ಹೊರಬಂದಾಗ 6.40. ಆರೋಗ್ಯ ಇಲಾಖೆಯ ಅಧಿಕಾರಿ ಬಾಗಿಲಲ್ಲೇ ನಿಂತಿದ್ದರು.

"ಸಹಿ ಹಾಕಮ್ಮ, ಈಗಲೇ ಪ್ರಿಂಟ್ ಆಗಬೇಕು. ಮೇಲಿನವರ ಆದೇಶ."

ಅವಳು ಕಿಟಕಿಯತ್ತ ನೋಡಿದಳು. ಹೊರಗೆ ಕತ್ತಲಾಗಿತ್ತು. ಅಧಿಕಾರಿಯ ಜೊತೆ ಬಂದಿದ್ದ ನರ್ಸ್ ಫೋನ್ ಕೈಗೆತ್ತಿಕೊಂಡಿದ್ದರು. "ತಪ್ಪು ಕಾರ್ಡು ಕೊಟ್ಟ ಮನೆಗೆಲ್ಲ ನಾವು ಫೋನ್ ಮಾಡ್ತಿದೀವಿ. ನೀನು ನಿಧಾನಕ್ಕೆ ನೋಡವ್ವ."

ವಿನ್ಯಾಸಕಿ ಪೆನ್ನಿನ ಮುಚ್ಚಳ ಹಾಕಿದಳು.

"ಈಗ ಹಾಕಲ್ಲ ಸರ್. ಬೆಳಗಾಗ್ಲಿ."