ಮಾತು ನಿಂತರೆ ನಿಲ್ಲು

ಯಾರದು, ಅಜ್ಜನಿಗೆ ಅರಳುಮರಳು ಅಂದೋರು? ಹೋದ ವಾಯ್ಸ್ ನೋಟಿಗೆ ಹಲ್ಲು ಕಿರಿಯೋ ಗೊಂಬೆ ಹಾಕಿದ್ದನ್ನೂ ನೋಡಿದ್ದೀನಿ. ಕನ್ನಡಕ ಎಲ್ಲಿಟ್ಟೆ ಅಂತ ಕೇಳಿ, ಗೊತ್ತಿಲ್ಲ. ಆದರೆ ನಾನು ಕಟ್ಟೆಯ ಗೇಟು ಕಾಯುತ್ತಿದ್ದ ಕಾಲದ್ದು ಕೇಳಿ, ಬೀಗದ ಕೈಯ ಯಾವ ಹಲ್ಲು ಸವೆದಿತ್ತು ಅಂತಲೂ ಹೇಳ್ತೀನಿ. ಬಾಯಿ ಮುಚ್ಕೊಂಡು ಕೇಳಿ.

ಊರಿಗೆ ಕುಡಿಯುವ ನೀರು ನಿಲ್ಲಿಸುವ ದೊಡ್ಡ ಕಟ್ಟೆ ಅದು. ಮೇಲೆ ಉದ್ದಕ್ಕೂ ಸಿಮೆಂಟಿನ ದಾರಿ. ಈ ತುದಿಗೆ ನನ್ನ ಗೇಟು, ಆ ತುದಿಗೆ ಪಂಪ್ ಮನೆ. ಚಳಿಗಾಲದ ಬೆಳಗ್ಗೆ ನೀರಿನ ಮೇಲಿಂದ ಮಂಜು ಎದ್ದರೆ ಚಾಚಿದ ಕೈ ಕಾಣದು.

ಅಂಥ ಒಂದು ಬೆಳಗ್ಗೆ ಅವಳು ಮಂಜಿನೊಳಗಿಂದ ಓಡಿಬಂದು ಗೇಟಿನ ಸರಳು ಹಿಡಿದು ನಿಂತಳು. ಮುಖ ಸುಣ್ಣದಂತೆ ಬಿಳಿಚಿತ್ತು!

"ಅಜ್ಜಾ... ನನ್ನ ಹಿಂದೆ ಯಾರು ಬಂದ್ರು?"

"ಯಾರೂ ಇಲ್ವಲ್ಲಮ್ಮ. ನಾನು ಒಳಗೆ ಬಿಟ್ಟಿದ್ದು ನಿನ್ನೊಬ್ಬಳನ್ನೇ."

"ಹೆಜ್ಜೆ ಕೇಳಿಸ್ತು ಅಜ್ಜಾ. ಮೆತ್ತನೆ ಹೆಜ್ಜೆ... ಮಕ್ಕಳು ಓಡಿದ ಹಾಗೆ. ನಾನು ನಿಂತ್ರೆ ಅದೂ ನಿಲ್ಲುತ್ತೆ. ಆದ್ರೆ ಒಂದು ಹೆಜ್ಜೆ ತಡವಾಗಿ!"

ಸುಲಭಕ್ಕೆ ಹೆದರುವ ಹೆಂಗಸಲ್ಲ ಅವಳು. ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕುವವಳು, ಬಿಡುವಾದರೆ ಓಡುವವಳು. ಓಟ ಅಂದರೆ ದೂರದ ಓಟ, ಊರು ದಾಟಿ ಊರಿಗೆ. ಎಲ್ಲರೂ ಅವಳನ್ನು ಕುದುರೆ ಅಂತಲೇ ಕರೆಯುತ್ತಿದ್ದರು. ಈಚೆಗೆ ಕುದುರೆಗೆ ಒಂದು ಹೊಸ ಚಾಳಿ ಶುರುವಾಗಿತ್ತು. ಓಡುತ್ತ ಒಬ್ಬಳೇ ಮಾತಾಡುವುದು.

"ಅದ್ಯಾರ ಜೊತೆ ಮಾತು ತಾಯಿ?" ಅಂದೆ.

ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. ಇನ್ನೂ ಏನೂ ಕಾಣದ ಹೊಟ್ಟೆ.

"ಇದರ ಜೊತೆ. ಡಾಕ್ಟರಮ್ಮ ಹೇಳಿದ್ದಾರೆ. ನಿನಗೆ ಅಭ್ಯಾಸ ಇದೆ, ಎಲ್ಲ ಚೆನ್ನಾಗಿದೆ, ಮೆತ್ತಗೆ ಓಡು. ಆದ್ರೆ ಓಡ್ತಾ ಮಾತಾಡೋಕೆ ಆಗ್ಬೇಕು. ಮಾತು ನಿಂತ್ರೆ ನೀನೂ ನಿಲ್ಲು, ಅಂತ."

"ಗಂಡನಿಗೆ ಗೊತ್ತಾ?"

ಇಲ್ಲ ಅಂತ ತಲೆಯಾಡಿಸಿ ಅವಳು ಗೇಟು ದಾಟಿ ಹೋದಳು.

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಬಾಯಿಗೆ ಬೀಗ. ಅವನೂ ಓಡುವವನೇ, ಆದರೆ ಯಾವಾಗಲೂ ಅವಳ ಹಿಂದೆ. ಕುದುರೆಗೆ ತಕ್ಕ ಬಾಲ ಅಂತ ಜನ ನಗುತ್ತಿದ್ದರು. ಅವನ ಹೆಸರೇ ಬಾಲ ಅಂತಾಯಿತು.

ಹೋದ ವರ್ಷ ಅವಳ ಮೊದಲ ಬಸಿರು ಎಳೆಯದರಲ್ಲೇ ಹೋಯಿತು. ಓಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಸ್ಪಷ್ಟವಾಗಿಯೇ ಹೇಳಿದ್ದರು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಬಾಲ ಒಂದು ಮಾತಾಡದೆ ಅವಳ ಶೂ ಎತ್ತಿ ಅಟ್ಟಕ್ಕೆ ಹಾಕಿದ.

'ನೀನು ಓಡಿದ್ದಕ್ಕೇ ಹೋಯ್ತು ಅಂತ ತಾನೇ ಇದರ ಅರ್ಥ?' ಅವಳ ಎದೆಗೆ ಆ ಮುಳ್ಳು ನೆಟ್ಟಿತು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮತ್ತೆ ಬಸಿರು ನಿಂತಾಗ ಅವನಿಗೆ ತಿಳಿಸದೆ ಅಕ್ಕನ ಮನೆಗೆ ಬಂದು, ಹೊಸ ಶೂ ಕೊಂಡು ಓಡತೊಡಗಿದಳು. ದೂರುವ ಗಂಡನಿಗಿಂತ ಒಬ್ಬಳೇ ಸಾಕುವುದು ಮೇಲು ಅಂತ.

ಇದೆಲ್ಲ ಆಮೇಲೆ ಅವಳೇ ಹೇಳಿದ್ದು. ನಾನು ಕಟ್ಟಿದ್ದಲ್ಲ!

ಅವಳು ಹೋದ ಮೇಲೆ ನಾನು ಒದ್ದೆ ಸಿಮೆಂಟಿನ ಮೇಲೆ ಬಗ್ಗಿ ನೋಡಿದೆ. ಅವಳ ಶೂ ಗುರುತಿನ ಹಿಂದೆಯೇ ಬರಿಗಾಲಿನ ಗುರುತು. ಚಿಕ್ಕವು. ಐದು ಬೆರಳು ಇದ್ದವು, ಹಿಮ್ಮಡಿ ಇರಲಿಲ್ಲ...

ಅವಳಿಗೆ ಹೇಳಲಿಲ್ಲ.

ಮರುದಿನ ಮಂಜು ಇನ್ನೂ ದಟ್ಟ.

"ಇವತ್ತು ಬೇಡ ಕಣಮ್ಮ."

"ಹೋಗ್ಲೇಬೇಕು ಅಜ್ಜಾ. ಅದು ಯಾರು ಅಂತ ಗೊತ್ತಾಗಿದೆ ನಂಗೆ."

ಆ ಕಣ್ಣು ನೋಡಿ ಗೇಟು ತೆಗೆದೆ. ಅವಳು ಮಂಜಿನಲ್ಲಿ ಕರಗಿದಳು. ನೀರಿನ ಮೇಲೆ ದನಿ ದೂರ ಸಾಗುತ್ತದೆ, ನಿಮಗೆ ಗೊತ್ತಲ್ಲ. ಪಂಪ್ ಮನೆ ಮುಟ್ಟಿ ತಿರುಗಿ ಬರುವಾಗ ಅವಳ ಮಾತು ನನಗೆ ಅಕ್ಷರ ಅಕ್ಷರವೂ ಕೇಳಿತು.

"ಪುಟ್ಟಾ... ನೀನೇ ತಾನೇ? ಹೆದರಿಸ್ಬೇಡ, ಬಾ. ಹೊಟ್ಟೇಲಿ ಇನ್ನೊಂದಿದೆ ಅಂತ ಮುನಿಸಾ? ಇಬ್ರೂ ನನ್ನೋರೇ ಕಣೋ..."

ಪಟ್... ಪಟ್... ಪಟ್...

ಅಯ್ಯೋ, ನನಗೂ ಕೇಳಿಸಿತು! ಹಸಿ ಸಿಮೆಂಟಿನ ಮೇಲೆ ಬರಿಗಾಲು.

"ಮಾತು ನಿಂತ್ರೆ ಏನೋ ಆಗಿದೆ ಅಂತ ಅರ್ಥ, ಅದಕ್ಕೇ ಮಾತಾಡ್ತಾನೇ ಇದ್ದೀನಿ. ಕೇಳು... ನಾನು ನಿನ್ನ ಕಳ್ಕೊಂಡಿದ್ದು ಓಟದಿಂದ ಅಲ್ಲ. ಆದ್ರೆ ನಿಮ್ಮಪ್ಪ ಶೂ ಎತ್ತಿ ಅಟ್ಟಕ್ಕೆ ಹಾಕ್ದ. ಒಂದು ಮಾತಾಡ್ಲಿಲ್ಲ. ನೀನಾದ್ರೂ ಹೇಳೋ ಪುಟ್ಟಾ, ನಾನೇನಾ... ನಾನೇನಾ ನಿನ್ನ..."

ಅಷ್ಟೇ. ಮಾತು ನಿಂತಿತು. ಅವಳೂ ನಿಂತಳು.

ಹಿಂದಿನ ಹೆಜ್ಜೆ ಈ ಸಲ ನಿಲ್ಲಲಿಲ್ಲ.

ಜೋರಾಯಿತು. ಹತ್ತಿರವಾಯಿತು. ಅವಳು, ಆಮೇಲೆ ಹೇಳಿದ ಹಾಗೆ, ಕಣ್ಣು ಮುಚ್ಚಿ ಹೊಟ್ಟೆಗೆ ಎರಡೂ ಕೈ ಒತ್ತಿಕೊಂಡಳು. 'ಕರ್ಕೊಂಡು ಹೋಗೋಕೆ ಬಂತಾ...?'

"ಏನಾಯ್ತೇ?! ಯಾಕೆ ಮಾತು ನಿಲ್ಲಿಸ್ದೆ? ನೋವಾ? ಕೂತ್ಕೋ... ಮೊದ್ಲು ಕೂತ್ಕೊಳೇ!"

ಗಂಡಸಿನ ದನಿ! ನಾನು ಲಾಠಿ ಹಿಡಿದು ಓಡಿದೆ. ನೋಡಿದರೆ... ಬಾಲ! ತನ್ನ ಶೂ ಎರಡೂ ಕೈಯಲ್ಲಿ, ಬರಿಗಾಲು ಚಳಿಗೆ ನೀಲಿ. ಬರಿಗಾಲಲ್ಲಿ ಓಡುವವನು ಬೆರಳ ಮೇಲೇ ಓಡುತ್ತಾನಲ್ಲ, ಹಿಮ್ಮಡಿ ಎಲ್ಲಿಂದ ಊರುತ್ತದೆ!

"ನೀನಾ...?" ಅವಳು ಕಣ್ಣು ಬಿಟ್ಟಳು. "ನೋವೇನಿಲ್ಲ. ಅಳು ಬಂತು, ಅಷ್ಟೇ. ಬರಿಗಾಲಲ್ಲಿ ಯಾಕೆ ಬಂದೆ?"

"ಶೂ ಸದ್ದು ಕೇಳಿದ್ರೆ ನೀನು ಗುರುತು ಹಿಡೀತಿದ್ದೆ. ಓಡಿಸಿಬಿಡ್ತೀಯ ಅಂತ ಭಯ. ಮಂಜಲ್ಲಿ ಒಬ್ಳೇ ಓಡ್ತೀಯ ಅಂತ ಗೊತ್ತಾಯ್ತು, ನಿನ್ನೇನೂ ಇವತ್ತೂ ಪಂಪ್ ಮನೆ ಕಡೆಯಿಂದ ಹತ್ತಿ ಬಂದೆ. ಬಂದ್ರೆ... ನೀನು ಮಗೂ ಜೊತೆ ಮಾತಾಡ್ತಿದ್ದೆ."

"ಶೂ ಅಟ್ಟಕ್ಕೆ ಹಾಕ್ದೋನು ಈಗ ಯಾಕೆ ಬಂದೆ?"

ಅವನು ತಲೆ ತಗ್ಗಿಸಿದ. ಕಡೆಗೂ ಬಾಯಿಯ ಬೀಗ ಬಿಚ್ಚಿತು.

"ಅದ್ರೊಳಗೆ ಮಗೂಗೆ ಅಂತ ತಂದ ಕಾಲ್ಚೀಲ ಇತ್ತು ಕಣೇ. ಹೆಬ್ಬೆರಳಿನಷ್ಟು. ಬೆಳಗ್ಗೆ ನೀನು ಶೂ ಹಾಕ್ಕೊಳ್ಳೋವಾಗ ಸಿಕ್ಕಿ ನಗ್ಲಿ ಅಂತ ಬಚ್ಚಿಟ್ಟಿದ್ದೆ. ಅಷ್ಟರಲ್ಲಿ... ಅದು ನಿನ್ನ ಕೈಗೆ ಸಿಗಬಾರ್ದು ಅನ್ನಿಸ್ತು. ತೆಗೆಯೋಕೆ ನನ್ನ ಕೈ ಬರ್ಲಿಲ್ಲ. ಶೂ ಸಮೇತ ಮೇಲೆ ಹಾಕ್ದೆ. ಇನ್ನೂ ಅಲ್ಲೇ ಇದೆ."

ಅವಳು ಅವನ ಎದೆಗೆ ಒಂದು ಗುದ್ದು ಕೊಟ್ಟಳು. ಆಮೇಲೆ ಅಲ್ಲೇ ಹಣೆ ಊರಿ ಅತ್ತಳು.

"ಬಾಯಲ್ಲಿ ಹೇಳೋಕೆ ಏನಾಗಿತ್ತೋ, ಕಲ್ಲುಗುಂಡಾ!"

"ಅದನ್ನೇ ನಾನೂ ಕೇಳೋದು!" ಅಂದೆ. ಯಾರೂ ನನ್ನ ಕಡೆ ನೋಡಲಿಲ್ಲ.

"ನೀನು ಓಡು," ಅಂದ ಅವನು. "ನಾನು ಹಿಂದೆ ಇರ್ತೀನಿ."

"ಹಿಂದೆ ಬೇಡ. ಪಕ್ಕದಲ್ಲಿ ಬಾ. ಮಾತಾಡ್ತಾ ಬಾ."

"ನಂಗೆ ಮಾತು ಬರಲ್ವಲ್ಲೇ."

"ಡಾಕ್ಟರಮ್ಮನ ಅಪ್ಪಣೆ. ಮೊದ್ಲು ಶೂ ಹಾಕು."

ಅವನು ಶೂ ಹಾಕಿ ದಾರ ಬಿಗಿದದ್ದನ್ನು ನಾನೇ ಕಣ್ಣಾರೆ ಕಂಡೆ. ಇದನ್ನು ನೆನಪಿಡಿ. ಇಬ್ಬರೂ ಜೊತೆಯಾಗಿ ಗೇಟು ದಾಟಿದರು. ಗೇಟು ಹಾಕಲು ಹೋದ ನಾನು ನೆಲ ನೋಡಿದೆ. ನಾಲ್ಕು ಶೂಗಳ ಹಸಿ ಗುರುತು. ಅವುಗಳ ನಡುವೆ, ಗೇಟಿನ ತನಕ, ಪುಟ್ಟ ಬರಿಗಾಲು. ಹಿಮ್ಮಡಿ ಸಮೇತ.

ರಸ್ತೆಯಿಂದ ಅವಳು ತಿರುಗಿ ನೋಡಿದಳು.

"ಅಜ್ಜಾ, ಗೇಟು ಈಗ್ಲೇ ಹಾಕ್ಬೇಡಿ."

"ಯಾಕಮ್ಮ?"

"ಅದೂ ಬರಲಿ."

ಬಾಲ ಅವಳ ಕೈ ಹಿಡಿದ. "ಬಾ ಪುಟ್ಟಾ," ಅಂದ, ಮಂಜಿನ ಕಡೆಗೆ. "ಅಪ್ಪ ಇಲ್ಲೇ ಇದ್ದೀನಿ."

ನಾನು ಗೇಟಿನ ಎರಡೂ ಬಾಗಿಲು ತೆರೆದು ಹಿಡಿದೆ. ನನ್ನ ಮೊಣಕಾಲಿನ ಎತ್ತರದಲ್ಲಿ ಏನೋ ತಣ್ಣಗೆ ಸವರಿಕೊಂಡು ಹೋಯಿತು.

ಅವರ ಮಗಳು ಈಗ ಅದೇ ಕಟ್ಟೆಯ ಮೇಲೆ ಓಡುತ್ತಾಳೆ. ಎಡಕ್ಕೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟೇ ಓಡುತ್ತಾಳೆ. ಯಾರೂ ಕಲಿಸಿದ್ದಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದರೆ ಒಂದೇ ಮನೇಲಿ ಮಾತಿಲ್ಲದೆ ಕೂತಿರೋರು ಯಾರಾದ್ರೂ ನಿಮಗೆ ಗೊತ್ತಿದ್ರೆ, ಈ ಕಥೆ ಅವರಿಗೆ ಕಳಿಸ್ಬಿಡಿ. ಇಬ್ಬರಿಗೂ ಕಳಿಸಿ.